ಮೂರು ಸುತ್ತು ಬಾಕಿ ಇದ್ದ ರೇಸು

ಗುಟ್ಟು ಇಟ್ಟುಕೊಳ್ಳುವ ಹೊಟ್ಟೆ ನನ್ನದಲ್ಲ. ಬಾಯಿ ಮುಚ್ಚಿಕೊಂಡರೂ ಅದು ಬೇರೆಲ್ಲಿಂದಲೋ ಹೊರಗೆ ಬೀಳುತ್ತದೆ. ಅದರ ಮೇಲೆ ಮೂರು ತಿಂಗಳ ಹಿಂದೆ ಮೊಮ್ಮಗಳು ಶ್ರಾವ್ಯ ನನಗೆ ಫೋನಿನಲ್ಲಿ ಟೈಪ್ ಮಾಡುವುದನ್ನು ಬೇರೆ ಕಲಿಸಿದ್ದಾಳೆ. ಯಾರೋ ತೀರಿಕೊಂಡ ಸುದ್ದಿಗೆ ಕೈಮುಗಿಯಲು ಹೋಗಿ ಚಪ್ಪಾಳೆಯ ಚಿತ್ರ ಒತ್ತಿದ್ದು ಬಿಟ್ಟರೆ ನನ್ನಿಂದ ದೊಡ್ಡ ಅನಾಹುತ ಆಗಿರಲಿಲ್ಲ. ಆದರೆ ಏನನ್ನಾದರೂ ತಿಳಿಯದೆ ಸುಮ್ಮನಿರುವ ಶಕ್ತಿ ಮಾತ್ರ ಪೂರ್ತಿ ಹೋಗಿದೆ.

ನಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ. ಒಂದು ಸಂಗತಿಯನ್ನು ತಿಳಿದುಕೊಳ್ಳದೆಯೇ ನಲವತ್ತು ವರ್ಷ ಕಳೆದವರು. ಆಗ ಅವರು ಗಲ್ಫಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎದುರಿನ ಚಹಾದಂಗಡಿ ನಮ್ಮೂರ ಕಡೆಯ ಕಾಟಿಪಳ್ಳದ ಹಮೀದಾಕನದ್ದು. ಅಲ್ಲಿನ ಟಿವಿಯಲ್ಲಿ ಒಂದು ಸಂಜೆ ಗ್ರ್ಯಾಂಡ್ ಪ್ರಿ ಕಾರ್ ರೇಸ್ ನಡೆಯುತ್ತಿತ್ತು. ಇವರ ಮೆಚ್ಚಿನ ಕೆಂಪು ಕಾರು ಎಲ್ಲೋ ಹಿಂದಿನಿಂದ ಹೊರಟು ಎರಡನೆಯ ಸ್ಥಾನಕ್ಕೆ ಬಂದು, ನೀಲಿ ಕಾರಿನ ಬಾಲ ಹಿಡಿದಿತ್ತು. ಮೂರು ಸುತ್ತು ಬಾಕಿ. ಆಗ ಹಮೀದಾಕ ಟಿವಿ ಆರಿಸಿದರಂತೆ. ನಾಲ್ಕು ಚಮಚ ಸಕ್ಕರೆ ಹಾಕಿದ ಚಹಾ ಕೈಗೆ ಕೊಟ್ಟು, ಪೂರ್ತಿ ಕುಡಿಸಿ, ಆಮೇಲೆ ಹೇಳಿದರಂತೆ, "ಊರಿಂದ ಫೋನ್ ಬಂದಿತ್ತು ಮಾರಾಯ. ನಿನ್ನ ಅಮ್ಮ ಹೋದರಂತೆ."

ಆ ರೇಸ್ ಯಾರು ಗೆದ್ದರೆಂದು ಇವರು ಯಾರಲ್ಲೂ ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಕೆಣಕಿದೆ, "ಪೇಪರಿನಲ್ಲಾದರೂ ನೋಡಬಾರದಿತ್ತಾ?" ಇವರು ಹೇಳಿದರು, "ಬೇಡ. ಅದರಲ್ಲಿ ಇನ್ನೂ ಮೂರು ಸುತ್ತು ಉಂಟು. ಅಷ್ಟರವರೆಗೆ ಅಮ್ಮ ಸಹ ಇದ್ದಾರೆ." ನಾನು ಒಳಗೆ ಹೋಗಿ ಅಕ್ಕಿ ತೊಳೆದೆ. ಹಮೀದಾಕನ ಪದ್ಧತಿ ಮಾತ್ರ ನಮ್ಮ ಮನೆಗೆ ಬಂತು. ಇವರಿಗೆ ಏನೇ ಕೆಟ್ಟ ಸುದ್ದಿ ಹೇಳುವುದಿದ್ದರೂ ಮೊದಲು ನಾಲ್ಕು ಚಮಚದ ಚಹಾ. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೂ ಅದೊಂದಕ್ಕೆ ರಿಯಾಯಿತಿ ಇತ್ತು.

ಈ ವರ್ಷ ಹಮೀದಾಕ ತೀರಿಕೊಂಡರು. ಕಾಟಿಪಳ್ಳಕ್ಕೆ ಹೋಗಿ ಬಂದ ಇವರು ಮೂರನೆಯ ದಿನ ಶ್ರಾವ್ಯಳನ್ನು ಕೇಳಿದರು, "ಆ ರೇಸ್ ನಿನ್ನ ಫೋನಿನಲ್ಲಿ ಸಿಗ್ತದಾ ಮಗಾ?" ಅವಳು ಇಸವಿ ಕೇಳಿ ನಿಮಿಷದಲ್ಲಿ ಹುಡುಕಿದಳು. ಆದಿತ್ಯವಾರ ಮಧ್ಯಾಹ್ನ ಟಿವಿಗೆ ಹಾಕಿ ನೋಡುವುದೆಂದಾಯಿತು. ಇವರು ನನ್ನ ಕಡೆ ತಿರುಗಿ, "ನೀನು ರಿಸಲ್ಟ್ ಹುಡುಕಬಾರದು," ಎಂದರು. ಅಲ್ಲಿಯವರೆಗೆ ನನಗೆ ಆ ಯೋಚನೆಯೇ ಬಂದಿರಲಿಲ್ಲ.

ಶುಕ್ರವಾರ ಉರ್ವ ಮಾರ್ಕೆಟಿಗೆ ಹೋದವಳು ಬಸ್ಸಿಗೆ ಕಾಯುತ್ತಾ ಹುಡುಕಿಯೇ ಬಿಟ್ಟೆ. ಕೆಂಪು ಕಾರಿನವನ ಹೆಸರು ಕೆಳಗಿತ್ತು. ಪಕ್ಕದಲ್ಲಿ ಬರೆದಿತ್ತು: ಪೆಟ್ರೋಲ್ ಖಾಲಿ, ಓಟ ಮುಗಿಸಲಿಲ್ಲ. ನನಗೆ ಬಸ್ ತಪ್ಪಿತು. ನಲವತ್ತು ವರ್ಷ ಕಾದವರಿಗೆ ಇದಾ ಸಿಗುವುದು? ಎರಡು ದಿನ ಹೇಗೋ ಬಾಯಿ ಬಿಗಿಹಿಡಿದೆ.

ಆದಿತ್ಯವಾರ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟಿವಿ ಎದುರು ಕೂತರು. ಅರ್ಧ ರೇಸ್ ಆದಾಗ ಚಹಾ ಕೊಟ್ಟೆ. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ನೋಡಿದ್ದಿ ಅಲ್ಲವಾ?"

"ಎಂತ ನೋಡುದು?"

"ನಾಲ್ಕು ಚಮಚ."

ನನಗೆ ತಿಳಿಯದೆಯೇ ಕೈ ಸಕ್ಕರೆ ಡಬ್ಬಕ್ಕೆ ಹೋಗಿತ್ತು. ಶ್ರಾವ್ಯ ತಲೆಗೆ ಕೈಯಿಟ್ಟುಕೊಂಡಳು. "ಎಂತ ಅಜ್ಜಿ ನೀವು, ಎರಡು ದಿನ ಸಹ ತಡೀಲಿಕ್ಕೆ ಆಗುದಿಲ್ಲವಾ?" ಎಂದು ಟಿವಿ ಆರಿಸಲು ಹೋದಳು.

"ಬಂದ್ ಮಾಡಬೇಡ," ಎಂದರು ಇವರು. "ಸೋಲಲಿ. ಒಮ್ಮೆ ಅರ್ಧದಲ್ಲಿ ಎದ್ದು ಹೋದದ್ದು ಸಾಕು."

ಮೂರು ಸುತ್ತು ಉಳಿಯಿತು. ಎರಡು ಉಳಿಯಿತು. ಕೆಂಪು ಕಾರು ಈಗ ನಿಲ್ಲುತ್ತದೆ, ಇನ್ನೀಗ ನಿಲ್ಲುತ್ತದೆ ಎಂದು ನಾನು ಸೆರಗು ಹಿಂಡುತ್ತಾ ನಿಂತಿದ್ದೆ. ಅದು ನಿಲ್ಲಲಿಲ್ಲ. ಕೊನೆಯ ಸುತ್ತಿನ ತಿರುವಿನಲ್ಲಿ ನೀಲಿ ಕಾರನ್ನು ದಾಟಿ, ಬಾವುಟದ ಕೆಳಗೆ ಮೊದಲು ಹಾದುಹೋಯಿತು.

ಶ್ರಾವ್ಯ ನನ್ನ ಫೋನ್ ಕಸಿದು ನೋಡಿದಳು. "ಅಜ್ಜಿ, ಇದು ಅದರ ಮರುವರ್ಷದ ರೇಸ್. ಇಸವಿಯ ಕೊನೆಯ ಅಂಕೆ ತಪ್ಪು ಒತ್ತಿದ್ದೀರಿ."

ಇವರು ಕನ್ನಡಕ ಒರೆಸಿದರು. ಆರಿದ ಚಹಾವನ್ನು ಕೊನೆಯ ಹನಿಯವರೆಗೆ ಕುಡಿದರು. "ಹಮೀದಾಕನಿಗೆ ಹೇಳಬೇಕಿತ್ತು," ಎಂದರು. ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ನೀನು ಮೊದಲೇ ಸೋಲಿಸಿದ್ದಕ್ಕೆ ಗೆದ್ದ ಖುಷಿ ಎರಡು ಪಾಲು ಆಯ್ತು. ಇನ್ನು ರೇಸಿಗೆ ನಾಲ್ಕು ಚಮಚವೇ ಇರಲಿ," ಎಂದರು.

ಅಂದಿನಿಂದ ದಿನಕ್ಕೊಂದು ಹಳೆಯ ರೇಸ್, ರೇಸಿಗೊಂದು ಚಹಾ. ತಪ್ಪು ನನ್ನದಾದ್ದರಿಂದ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಇವತ್ತು ಇವರ ರಕ್ತದ ಸಕ್ಕರೆ ಪರೀಕ್ಷೆಯ ರಿಸಲ್ಟ್ ನನ್ನ ಫೋನಿಗೆ ಬಂದಿದೆ. ಹೆಸರು, ತಾರೀಖು, ಕೊನೆಯ ಅಂಕೆ, ಎಲ್ಲ ನಾಲ್ಕು ಸಲ ನೋಡಿದೆ. ಈ ಸಲ ತಪ್ಪಿಲ್ಲ. ಇವರಿಗೆ ಹೇಳಲೇಬೇಕು. ಈ ಮನೆಯಲ್ಲಿ ಕೆಟ್ಟ ಸುದ್ದಿ ಹೇಳಲು ನನಗೆ ಗೊತ್ತಿರುವುದು ಒಂದೇ ಕ್ರಮ. ಒಲೆಯ ಮೇಲೆ ನೀರು ಕುದಿಯುತ್ತಿದೆ. ಸಕ್ಕರೆ ಡಬ್ಬದ ಎದುರು ನಿಂತು ಇದನ್ನು ಟೈಪ್ ಮಾಡುತ್ತಿದ್ದೇನೆ.