ಅಮ್ಮನ ತವರು ಮತ್ತು ಸಂಘದ ಹೆಬ್ಬಾಗಿಲು

ನಮ್ಮ ಕಡೆ ಯಾರ ಮನೆ ಬಾಗಿಲಿಗೆ ಹೋದರೂ ಹೆಸರು ಕೇಳುವವರು ಕಡಿಮೆ. ಯಾವೂರು, ಯಾರ ಮಗ, ಅಮ್ಮನ ತವರು ಎಲ್ಲಿ, ಇಷ್ಟಕ್ಕೆ ಉತ್ತರ ಕೊಟ್ಟರೆ ಬೆಲ್ಲ-ನೀರು ಮುಗಿಯುವುದರೊಳಗೆ ನೀವು ಅವರ ಅಡುಗೆಮನೆಯಲ್ಲಿರುತ್ತೀರಿ. ಇಂಥ ಜನರ ನಡುವೆ ಬೆಳೆದ ನನ್ನನ್ನು, ಬಂದವರನ್ನು ಹೊರಗೆ ನಿಲ್ಲಿಸುವ ಕೆಲಸಕ್ಕೆ ನೇಮಿಸಿದ್ದರು.

ಶಿರಸಿಯ ಒಂದು ಅಡಿಕೆ ಮಾರಾಟ ಸಂಘದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇಂಟರ್ನೆಟ್ ಇನ್ನೂ ಮನೆಮನೆಗೆ ಬಾರದ ಕಾಲ. ಸಿದ್ದಾಪುರ, ಯಲ್ಲಾಪುರದ ಶಾಖೆಯವರು ಫೋನ್ ಲೈನಿನ ಮೂಲಕವೇ ನಮ್ಮ ಕಂಪ್ಯೂಟರಿನೊಳಗಿನ ಪುಟಗಳನ್ನು ತೆರೆಯಬೇಕಿತ್ತು. ದಾಸ್ತಾನಿಗೊಂದು ಪುಟ, ಟೆಂಡರಿಗೊಂದು ಪುಟ, ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಅವನ್ನೆಲ್ಲ ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರು. ನಾನು ಚೀಟಿಗಳನ್ನೆಲ್ಲ ಕಿತ್ತು, ಅಷ್ಟೂ ಪುಟಗಳಿಗೆ ಒಂದೇ ಹೆಬ್ಬಾಗಿಲು ಮಾಡಿದೆ; ಒಬ್ಬೊಬ್ಬರಿಗೂ ಅವರವರ ಹೆಸರು, ಒಂದೊಂದೇ ಪಾಸ್‌ವರ್ಡ್. ಯಾರು, ಎಲ್ಲಿಂದ ಒಳಗೆ ಬಂದರು ಎಂಬುದು ಶಿರಸಿಯಲ್ಲಿ ಕೂತ ನನಗೆ ಕಾಣುತ್ತಿತ್ತು. ಪಾಸ್‌ವರ್ಡ್ ಮರೆತವರಿಗೆ ಒಂದು ಪ್ರಶ್ನೆ: ನಿಮ್ಮ ಅಮ್ಮನ ತವರು ಯಾವುದು? ಯಾವುದೋ ಪರದೇಶದ ಪುಸ್ತಕ ಓದಿ ಇಟ್ಟ ಪ್ರಶ್ನೆ ಅದು. ಮ್ಯಾನೇಜರರು ಬೆನ್ನು ತಟ್ಟಿದರು, ನಾನು ಉಬ್ಬಿದೆ.

ಅದೊಂದು ಟೆಂಡರ್ ದಿನ. ವ್ಯಾಪಾರಿಗಳು ಗುಟ್ಟಾಗಿ ಬರೆದುಕೊಟ್ಟ ದರಗಳನ್ನು ಶಾಖೆಯವರು ಪುಟಕ್ಕೆ ಸೇರಿಸುತ್ತಿದ್ದರು. ಟೆಂಡರ್ ತೆರೆಯುವ ಹೊತ್ತಿನವರೆಗೆ ಅಷ್ಟೂ ದರ ಕಾಣುವುದು ನನ್ನ ಹೆಸರಿನಲ್ಲಿ ಒಳಗೆ ಹೋದವರಿಗೆ ಮಾತ್ರ. ಒಬ್ಬರ ದರ ಇನ್ನೊಬ್ಬರಿಗೆ ತಿಳಿದರೆ ಬೆಳೆಗಾರರ ವರ್ಷದ ದುಡಿಮೆ ಮಣ್ಣುಪಾಲು. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಒಂದು ಸಾಲು ಮೂಡಿತು: ನನ್ನದೇ ಹೆಸರು, ಒಳಗೆ ಬಂದದ್ದು ಯಲ್ಲಾಪುರದಿಂದ! ನಾನು ಕೂತಿದ್ದದ್ದು ಶಿರಸಿಯ ಕುರ್ಚಿಯಲ್ಲಿ.

ಯಲ್ಲಾಪುರಕ್ಕೆ ಫೋನ್ ಮಾಡಿದರೆ ಎಂಗೇಜ್. ಆಗಲೇಬೇಕಲ್ಲ! ಅಲ್ಲಿರುವುದು ಒಂದೇ ಲೈನು, ಕಳ್ಳ ಅದೇ ಲೈನಿನಲ್ಲಿ ನಮ್ಮೊಳಗೆ ಬಂದು ಕೂತಿದ್ದಾನೆ. ಶಾಖೆಯ ಎದುರಿನ ಚಹಾ ಅಂಗಡಿಗೆ ಫೋನ್ ಹಚ್ಚಿದೆ.

“ಸುಮಿತ್ರಕ್ಕ ಕಂಪ್ಯೂಟರ್ ಮುಂದೆ ಕೂತಿದಾರೆ ಮಾರಾಯ್ರೆ, ಸುತ್ತ ಏಳೆಂಟು ಜನ ವ್ಯಾಪಾರಿಗಳಿದಾರೆ” ಎಂದರು ಅಂಗಡಿಯವರು. “ಓಡಿಹೋಗಿ ಫೋನಿನ ವಾಯರ್ ಕಿತ್ತುಹಾಕಿ ಅಂತ ಹೇಳಿ!” ಎಂದು ಕೂಗಿದೆ.

ಸ್ವಲ್ಪ ಹೊತ್ತಿಗೆ ಸುಮಿತ್ರಕ್ಕನದೇ ಫೋನ್ ಬಂತು. ಆ ಶಾಖೆಯ ಹಿರಿಯ ಗುಮಾಸ್ತೆ ಆಕೆ. “ಎಂತ ಆತು ತಮಾ? ದಾಸ್ತಾನು ಹಾಕ್ತಾ ಇದ್ದಿದ್ದೆ.”

“ನನ್ನ ಹೆಸರಲ್ಲಿ ಹೋದವರು ಯಾರು?”

“ಬೇರೆ ಯಾರು, ಆನೇ ಹೋಗಿದ್ದು! ನನ್ನ ಪಾಸ್‌ವರ್ಡ್ ಮೂರು ಸಲ ತಪ್ಪಿ ಬಾಗ್ಲು ಹಾಕ್ಕಂಡ್ಬಿಡ್ತು. ಟೆಂಡರ್ ದಿನ ನಿಂಗೆ ತೊಂದ್ರೆ ಕೊಡದು ಬ್ಯಾಡ ಹೇಳಿ ನಿನ್ನ ಹೆಸರು ಹಾಕಿ ಪಾಸ್‌ವರ್ಡ್ ಮರ್ತೋತು ಅಂದೆ. ಅಮ್ಮನ ತವರು ಯಾವ್ದು ಹೇಳಿ ಕೇಳ್ತು. ಹೆಗ್ಗರಣೆ ಅಂದೆ, ಒಳಗೆ ಬಿಡ್ತು.”

“ನಿಮಗೆ ಹೇಗೆ ಗೊತ್ತು?”

“ಎಂತ ಕೇಳ್ತೆ ನೀನು! ಯಾರಿಗೆ ಗೊತ್ತಿಲ್ಲೆ?”

“ಮತ್ತೆ ದರ?” ಎಂದೆ ಕ್ಷೀಣವಾಗಿ.

“ಎಲ್ಲ ಎದುರಿಗೇ ಬಂತು. ತಕ್ಷಣ ಪರದೆ ಮೇಲೆ ಸೆರಗು ಮುಚ್ಚಿದೆ. ಯಾರಿಗೂ ಕಂಡಿದ್ದಿಲ್ಲೆ.”

ನನ್ನ ಇಡೀ ಏರ್ಪಾಡಿನಲ್ಲಿ ಅಂದು ಸರಿಯಾಗಿ ಕೆಲಸ ಮಾಡಿದ್ದು ಆ ಸೆರಗು ಒಂದೇ. ಆದರೆ ಮ್ಯಾನೇಜರರಿಗೆ ಸೆರಗಿನ ಮೇಲೆ ಭರವಸೆ ಬರಲಿಲ್ಲ. ಎಲ್ಲ ವ್ಯಾಪಾರಿಗಳಿಂದ ಹೊಸದಾಗಿ ದರ ಬರೆಸಿದರು, ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

ಸಂಜೆ ಹೊಸ ಪ್ರಶ್ನೆ ಹುಡುಕಲು ಕೂತೆ. ಈ ಮೂರು ತಾಲೂಕಿಗೆ ಗೊತ್ತಿಲ್ಲದ ಸಂಗತಿ ನನ್ನ ಬದುಕಿನಲ್ಲಿ ಒಂದೂ ಸಿಗಲಿಲ್ಲ. ಕೊನೆಗೆ ಪ್ರಶ್ನೆ ಹಾಗೇ ಇಟ್ಟು ಉತ್ತರವನ್ನೇ ಸುಳ್ಳು ಮಾಡಿದೆ: ಮಾಗೋಡು. ಈ ಜಾಣತನವನ್ನು ನನ್ನಲ್ಲೇ ಇಟ್ಟುಕೊಳ್ಳಲಾಗದೆ ಮ್ಯಾನೇಜರರಿಗೆ ಮಾತ್ರ ಹೇಳಿದೆ. ಹೇಳಿದ್ದು ಕ್ಯಾಂಟೀನಿನಲ್ಲಿ, ಸ್ವಲ್ಪ ಗಟ್ಟಿಯಾಗಿ.

ಭಾನುವಾರ ಅಮ್ಮ ಮುಖ ಊದಿಸಿಕೊಂಡಿದ್ದಳು. “ಆನು ಮಾಗೋಡಿನವಳು ಅಡ, ಊರೆಲ್ಲ ಅದೇ ಮಾತು. ಹೆಗ್ಗರಣೆ ಹೇಳಲೆ ನಾಚಿಕೆ ಆತ ನಿಂಗೆ?” ಸಮಾಧಾನ ಮಾಡಲು ಅವಳನ್ನು ಹೆಗ್ಗರಣೆಗೇ ಕರೆದುಕೊಂಡು ಹೋದೆ. ಅವಳು ಸರಸರನೆ ಒಳಗೆ ನಡೆದಳು. ನಾನು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಮಾವ ಅಡ್ಡ ನಿಂತ.

“ಯಾರು ನೀವು? ಅಮ್ಮನ ತವರು ಎಲ್ಲಾತು?”

“ಹೆಗ್ಗರಣೆ ಮಾವಾ, ಹೆಗ್ಗರಣೆ!”

ಒಳಗಿನಿಂದ ಅಮ್ಮನ ದನಿ ಕೇಳಿತು: “ಅಂವ ಅಲ್ಲೇ ನಿಂತ್ಕಳ್ಳಿ ಅಣ್ಣಾ. ಜನರನ್ನ ಹೊರಗೆ ನಿಲ್ಸೋದೇ ಅವನ ಕೆಲ್ಸ ಅಡ.”