ಹೆಂಡತಿಯ ಪರವಾಗಿ ಟವಲ್ ಹಿಂಡಿದವನು

ಮನುಷ್ಯನಿಗೆ ಅಂಟುವ ಚಟಗಳಲ್ಲೆಲ್ಲ ಉಪಕಾರ ಮಾಡುವ ಚಟವೇ ಅತ್ಯಂತ ಗೌರವಾನ್ವಿತವಾದದ್ದು. ಕುಡುಕನನ್ನಾದರೆ ನಾಲ್ಕು ಜನ ಬೈದು ಬಿಡಿಸುತ್ತಾರೆ, ಉಪಕಾರಿಯನ್ನು ಬಿಡಿಸುವವರಿಲ್ಲ. ಮದುವೆಯಾದಾಗಿನಿಂದ ಒಂದು ಲೋಟ ನೀರನ್ನೂ ಬಗ್ಗಿಸಿಕೊಂಡು ಕುಡಿಯದ ನನಗೆ ಈ ಚಟ ಹತ್ತಿದ್ದು ನಿವೃತ್ತಿಯ ಅಂಚಿನಲ್ಲಿ, ಬ್ಯಾಂಕಿನ ವಿಜಯವಾಡ ಶಾಖೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಮಧುರವಾಡದಲ್ಲಿ ಮನೆ ಹಿಡಿದ ವರ್ಷ. ಸಾಮಾನಿನ ಡಬ್ಬಗಳನ್ನು ಬಿಚ್ಚಿ ಮುಗಿಸುವ ಮೊದಲೇ ನನ್ನ ಹೆಂಡತಿ ವನಮಾಲೆಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಕಾಲು ಮೆಲ್ಲಗೆ ಮರಳಿತು. ಬಲಗೈ ಮಾತ್ರ ವಿಳಾಸ ತಪ್ಪಿದ ಟಪಾಲಿನಂತೆ ಎಲ್ಲೋ ನಿಂತುಬಿಟ್ಟಿತು.

ಆಸ್ಪತ್ರೆಯವರು ಆಕ್ಯುಪೇಷನಲ್ ಥೆರಪಿಗೆಂದು ಲಾವಣ್ಯ ಎಂಬ, ಕನ್ನಡ ಬಲ್ಲ ಹುಡುಗಿಯನ್ನು ಮನೆಗೆ ಕಳಿಸಿದರು. ಊರಿನ ಇನ್ನೊಂದು ಕಡೆಯ ಪೆಂದುರ್ತಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಉಣ್ಣುವುದು, ಉಡುವುದು, ಮೀಯುವುದು, ಇಂಥವನ್ನು ಮತ್ತೆ ಕಲಿಸುವ ವಿದ್ಯೆಯಂತೆ ಅದು. ನಮ್ಮನ್ನು ಪಿನ್ನಿ, ಬಾಬಾಯಿ, ಅಂದರೆ ಚಿಕ್ಕಮ್ಮ, ಚಿಕ್ಕಪ್ಪ ಎನ್ನುವ ತೆಲುಗು ಮರ್ಯಾದೆಯಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ: "ಪಿನ್ನಿಗಾರೂ, ಎಲ್ಲಕ್ಕಿಂತ ಮೊದಲು ಏನು ಮಾಡೋಕೆ ಬರಬೇಕು ನಿಮಗೆ?" ಅಡುಗೆ ಎಂದು ನಾನು ಉತ್ತರಿಸುವವನಿದ್ದೆ.

"ಬಾಗಲಾ ಹಾಕ್ಕೊಂಡು ಒಬ್ಬಾಕೀನ ಜಳಕಾ ಮಾಡ್ಬೇಕವ್ವಾ. ಅಷ್ಟ ಸಾಕು" ಎಂದಳು ವನಮಾಲೆ, ನಮ್ಮ ಧಾರವಾಡದವಳು.

ನನಗೆ ನೋವಾಯಿತು. ಅಲ್ಲಿಯವರೆಗೆ ಅವಳಿಗೆ ಸ್ನಾನ ಮಾಡಿಸುತ್ತಿದ್ದವನು ನಾನು. ನನ್ನ ಮಟ್ಟಿಗೆ ಬಹಳ ಚೆನ್ನಾಗಿಯೇ ಮಾಡಿಸುತ್ತಿದ್ದೆ.

ಲಾವಣ್ಯ ದಿನಾ ಎರಡು ಹೊತ್ತಿನ ಪಾಠ ಕೊಟ್ಟಳು: ಒದ್ದೆ ಟವಲ್ಲನ್ನು ಎರಡೂ ಕೈಯಲ್ಲಿ ಇಪ್ಪತ್ತು ಸಲ ಹಿಂಡುವುದು, ಅರ್ಧ ತುಂಬಿದ ಮಗ್ಗನ್ನು ಇಪ್ಪತ್ತು ಸಲ ಎತ್ತುವುದು, ಮಾಡಿದ್ದಕ್ಕೆ ಪುಸ್ತಕದಲ್ಲಿ ಟಿಕ್ ಹಾಕುವುದು. ಇಷ್ಟು ಹೇಳಿ ಆರು ವಾರದ ತರಬೇತಿಗೆಂದು ವಿಜಯವಾಡಕ್ಕೆ ಹೋದಳು. ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ನಾಲ್ಕನೆಯ ದಿನ ಟವಲ್ ಆರು ಸಲ ಜಾರಿತು. ವನಮಾಲೆ ಗೋಡೆಯ ಕಡೆ ತಿರುಗಿ, ಸದ್ದಿಲ್ಲದೆ ಅತ್ತಳು. "ಇಲ್ಲಿ ತಾ" ಎಂದು ಉಳಿದದ್ದನ್ನು ನಾನು ಹಿಂಡಿದೆ.

"ನಾಳಿಂದ ಮಾಡ್ತೀನ್ರೀ."

"ಆತು, ನಾಳಿಂದ" ಎಂದು ಹಿಂಡುತ್ತಲೇ ಹೇಳಿದೆ. ಪುಸ್ತಕದಲ್ಲಿ ಟಿಕ್ಕನ್ನೂ ಹಾಕಿದೆ. ತಪಾಸಣೆಗೆ ಬರುವವರು ನೋಡುವುದು ಕೆಲಸವನ್ನಲ್ಲ, ರಿಜಿಸ್ಟರನ್ನು ಎಂಬುದು ನನ್ನ ನೌಕರಿಯ ಸಾರ. ಶಾಖೆಯಲ್ಲಿ ಬೆಂಕಿ ಆರಿಸುವ ಕವಾಯತನ್ನು ನಾವು ವರ್ಷಗಟ್ಟಲೆ, ಒಬ್ಬರೂ ಕುರ್ಚಿ ಬಿಟ್ಟೇಳದೆ, ಯಶಸ್ವಿಯಾಗಿ ನಡೆಸಿದ್ದೇವೆ. ಹೀಗೆ ಆರು ವಾರ ನಾನು ಶ್ರದ್ಧೆಯಿಂದ ಹಿಂಡಿದೆ, ಎತ್ತಿದೆ, ಟಿಕ್ ಹಾಕಿದೆ.

ತಿರುಗಿ ಬಂದ ಲಾವಣ್ಯ ಪುಸ್ತಕ ನೋಡಿ ಅರಳಿದಳು. ಮಗ್ಗನ್ನು ವನಮಾಲೆಯ ಬಲಗೈಗೆ ಕೊಟ್ಟಳು. ಅದು ಕೂಡಲೇ ಬಿದ್ದು, ನೀರು ನನ್ನ ಪಾದಕ್ಕೆ ಬಂತು. ಅವಳು ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹಿಡಿತ ಅಳೆಯುವ ಉಪಕರಣವನ್ನು ನನ್ನ ಕೈಗಿತ್ತಳು. ಅಮುಕಿದೆ.

"ನಿಮ್ಮ ಕೈ ಬಹಳ ಸುಧಾರಿಸಿದೆ, ಬಾಬಾಯಿಗಾರೂ" ಎಂದಳು. ಯಾರೂ ನಗಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಮೊದಲ ತಿಂಗಳುಗಳಲ್ಲಿ ಕೈ ಬೇಗ ಕಲಿಯುತ್ತೆ. ಆಮೇಲೂ ಕಲಿಯುತ್ತೆ, ನಿಧಾನ" ಎಂದಳು.

"ಅವರದೊಬ್ಬರದ ತಪ್ಪಲ್ಲವ್ವಾ. ನಾನೂ ಸುಮ್ಮನ ಇದ್ನಲ್ಲಾ" ಎಂದು ವನಮಾಲೆ ನನ್ನ ಪರ ವಹಿಸಿದಳು. ಬೈದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ.

ಅಂದಿನಿಂದ ಪಾಠದ ಹೊತ್ತಿಗೆ ನನಗೆ ಬಾಲ್ಕನಿಗೆ ಗಡೀಪಾರು. ಬಚ್ಚಲಿಗೆ ಕೂರುವ ಸ್ಟೂಲು ಬಂತು, ಗೋಡೆಗೆ ಹಿಡಿಕೆ ಬಂತು, ದಪ್ಪ ಹಿಡಿಯ ಮಗ್ ಬಂತು. ವರ್ಷ ಕಳೆಯಿತು. ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡೇ ಉಳಿದವು. ಆ ಆರು ವಾರ ಸರಿಯಾಗಿ ಹಿಂಡಿದ್ದರೆ ಅವು ಬಿಚ್ಚಿಕೊಳ್ಳುತ್ತಿದ್ದವೇ ಎಂದು ನಾನು ಲಾವಣ್ಯಳನ್ನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ.

ಮೊನ್ನೆ ಬೆಳಿಗ್ಗೆ ವನಮಾಲೆ ಮೊದಲ ಸಲ ಒಬ್ಬಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ್ ಒಮ್ಮೆ ಬಿತ್ತು. ಇನ್ನೊಮ್ಮೆ ಬಿತ್ತು. ನಾನು ಬಾಗಿಲಿಗೆ ಕಿವಿ ಕೊಟ್ಟೆ.

"ಅಲ್ಲೇ ನಿಂತೀರೇನ್ರೀ?"

"ಇಲ್ಲ."

"ಹಂಗಾರ ಹೋಗ್ರಿ."

ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಳು. ಕಿವಿಯ ಹಿಂದೆ ಒಂದು ರೂಪಾಯಿಯಗಲ ಸಾಬೂನಿನ ನೊರೆ ಹಾಗೆಯೇ ಉಳಿದಿತ್ತು. ನನ್ನ ಕೈ ತಾನಾಗಿ ಮೇಲೆದ್ದಿತು. ಹಿಡಿದು ಜೇಬಿಗೆ ತುರುಕಿದೆ.

"ಹೆಂಗಾತ್ರೀ?"

"ಛಲೋ ಆಗೇದ" ಎಂದೆ.

ಮಧ್ಯಾಹ್ನದ ಹೊತ್ತಿಗೆ ನೊರೆ ಒಣಗಿತು, ನನ್ನ ಸಹಾಯವಿಲ್ಲದೆ.