ಸಾಹೇಬರ ನಾಯಿಯ ನಾಲಿಗೆ

ಹಸಿದ ನಾಯಿ ಏನು ಹಾಕಿದರೂ ತಿನ್ನುತ್ತದೆ ಎನ್ನುವವರಾರೂ ನಾಯಿಯನ್ನು ಕೇಳಿ ಹೇಳಿದವರಲ್ಲ. ನಾನೂ ಆ ಪೈಕಿಯವನೇ ಆಗಿದ್ದೆ. ಬುದ್ಧಿ ಕಲಿಸಿದ್ದು ಮೋತಿ. ನಮ್ಮದು ನಿಜಾಮರ ರಾಜ್ಯ. ನಾನು ಕಲಬುರಗಿಯ ಕಚೇರಿಯಲ್ಲಿ ಗುಮಾಸ್ತ, ಮೋತಿ ನಮ್ಮ ತಹಶೀಲ್ದಾರ ಸಾಹೇಬರ ನಾಯಿ. ದರ್ಜೆಯಲ್ಲಿ ನನಗಿಂತ ಮೇಲೆ.

ಸಾಹೇಬರು ಮನೆಮಂದಿ, ಅಡಿಗೆಯ ಬಾವರ್ಚಿ ಸಮೇತ ಹೈದರಾಬಾದಿಗೆ ಮದುವೆಗೆ ಹೊರಟಾಗ, "ಮೋತಿ ನಿಮ್ಮ ಮನ್ಯಾಗ ಇರಲಿ. ನಾವು ಬರೋತನಕ ಹಿಂಗೇ ಇರಬೇಕು, ನೋಡ್ರಿ," ಎಂದು ಅದರ ಕೊಬ್ಬಿದ ಬೆನ್ನು ತಟ್ಟಿದರು. ನನ್ನ ನೌಕರಿ ಆ ಕೊಬ್ಬಿನ ಮೇಲೆ ನಿಂತಿದೆಯೆಂದು ಅರ್ಥವಾಯಿತು.

ನನ್ನ ಹೆಂಡತಿ ಗುರುಬಸಮ್ಮ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಕಮಲಾಪುರದ ತವರಿಗೆ ಹೋಗಿದ್ದಳು. ಕಲಬುರಗಿಯ ಗಾಜಿಪುರ ಓಣಿಯ ನಮ್ಮ ಮನೆಯಲ್ಲಿ ಅಡಿಗೆ ನನ್ನದೇ. ನಮ್ಮಲ್ಲಿ ಮಾಂಸ ಬೇಯುವುದಿಲ್ಲ. ಜೋಳದ ನುಚ್ಚು ಬೇಯಿಸಿ ಹಾಕಿದೆ. ಮೋತಿ ಮೂಸಿತು. ನಾನು ಬರೆದ ಕಾಗದವನ್ನು ಸಾಹೇಬರು ನೋಡುವ ಹಾಗೆ ನೋಡಿ ಮುಖ ತಿರುವಿತು. ಎದುರಿಗೆ ಕೂತು "ಆಹಾ" ಎನ್ನುತ್ತ ನಾನೇ ತಿಂದು ತೋರಿಸಿದೆ. ಮನುಷ್ಯರನ್ನು ನಂಬಿಸಬಹುದು, ನಾಯಿಯನ್ನಲ್ಲ. ದಿನ ಕಳೆದಂತೆ ಅದರ ಪಕ್ಕೆಲುಬು ಕಾಣತೊಡಗಿತು. ನುಚ್ಚಿನ ಗಡಿಗೆಯನ್ನೂ ಮೋತಿಯನ್ನೂ ಎತ್ತಿನ ಗಾಡಿಗೆ ಹಾಕಿಕೊಂಡು ಕಮಲಾಪುರಕ್ಕೆ ಹೊರಟೆ.

"ಸಾಹೇಬರ ನಾಯೀನ ಉಪವಾಸ ಕೆಡವೀರೇನ್ರೀ!" ಎಂದು ಗುರುಬಸಮ್ಮ ಬಾಗಿಲಲ್ಲೇ ಕೂಗಿದಳು.

"ನಾ ತಿನ್ನೋದನ್ನೇ ಹಾಕೀನಿ. ಅದಕ್ಕ ಸೊಕ್ಕು."

ಅವಳು ಗಡಿಗೆಯಿಂದ ಚಿಟಿಕೆ ನುಚ್ಚು ಬಾಯಿಗಿಟ್ಟು ಥೂ ಎಂದಳು. "ಸೊಕ್ಕಲ್ರೀ, ನಾಲಿಗಿ. ತಳ ಹತ್ತ್ಯದ, ಹುಳಿ ಬಂದದ. ನಿಮಗ ಗೊತ್ತಾಗಿಲ್ಲ, ಪಾಪ ಅದಕ್ಕ ಗೊತ್ತಾಗ್ಯದ."

ಹಂಚಿನಿಂದಿಳಿದ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು, ಮೇಲೆ ತುಪ್ಪ ಬಿಟ್ಟಳು. ಮೊದಲು ಮೋತಿಯ ಮೂಗು ಅಲುಗಿತು, ಆಮೇಲೆ ಬಾಲ. ತಟ್ಟೆಯನ್ನು ನೆಕ್ಕುತ್ತ ನೆಕ್ಕುತ್ತ ದನದ ಕೊಟ್ಟಿಗೆಯವರೆಗೆ ತಳ್ಳಿಕೊಂಡು ಹೋಯಿತು. ನನಗೆ ಹೋದ ಜೀವ ಬಂತು.

ಗುರುಬಸಮ್ಮನೂ ನಮ್ಮ ಜೊತೆ ಕಲಬುರಗಿಗೆ ಬಂದಳು; ಸಾಹೇಬರು ಮರಳಿದಾಗ ಮೋತಿ ಮೊದಲಿಗಿಂತ ದುಂಡಗಿತ್ತು. ಆದರೆ ಬಾವರ್ಚಿ ಹಾಕಿದ್ದನ್ನು ಮೂಸಿಯೂ ನೋಡಲಿಲ್ಲ. ದಿನಾಲೂ ನಮ್ಮ ಮನೆಯ ರೊಟ್ಟಿ ತರಬೇಕೆಂದು ನನಗೆ ಹುಕುಂ ಆಯಿತು. ಸುದ್ದಿ ಊರೆಲ್ಲ ಹಬ್ಬಿತು. ಈಗ ಅರ್ಜಿ ಹಿಡಿದು ಬಂದವರು ಮೊದಲು ನನಗೇ ಸಲಾಂ ಹೊಡೆಯುತ್ತಾರೆ: "ಸಾಹೇಬರು ನಾಯಿ ಮಾತು ಕೇಳ್ತಾರಂತ್ರೀ, ನಾಯಿ ನಿಮ್ಮ ಮಾತು ಕೇಳ್ತದಂತ್ರೀ."

ನಾನು ಗಂಭೀರವಾಗಿ ತಲೆದೂಗುತ್ತೇನೆ. ಮೋತಿ ಕೇಳುವುದು ಗುರುಬಸಮ್ಮನ ಮಾತನ್ನು ಮಾತ್ರ, ಆ ಮಟ್ಟಿಗೆ ನಾವಿಬ್ಬರೂ ಒಂದೇ ದರ್ಜೆಯವರು ಎಂದು ಅವರಿಗೆ ಹೇಳುವವರು ಯಾರು?